ಎಡಿಸನ್ ತಾಯಿಗೆ ಬಂದ ಆ ಪತ್ರ ನಿಜವೇ? ಫಾರ್ವರ್ಡ್‌ಗಳು ಹೇಳದೇ ಬಿಟ್ಟ ಕಥೆ ಇಲ್ಲಿದೆ

ಈ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಪುಟ್ಟ ಎಡಿಸನ್ ಶಾಲೆಯಿಂದ ಒಂದು ಪತ್ರ ತರುತ್ತಾನೆ. ತಾಯಿ ಕಣ್ಣೀರು ಹಾಕುತ್ತಾ ಅದನ್ನು ಓದುತ್ತಾಳೆ. ನಿಮ್ಮ ಮಗ ಮಹಾ ಮೇಧಾವಿ, ಅವನಿಗೆ ಕಲಿಸುವ ಶಕ್ತಿ ನಮ್ಮ ಶಾಲೆಗಿಲ್ಲ, ನೀವೇ ಕಲಿಸಿ ಎಂದು ಬರೆದಿದ್ದಾರೆ ಎನ್ನುತ್ತಾಳೆ. ತಾಯಿ ತೀರಿಹೋದ ಎಷ್ಟೋ ವರ್ಷಗಳ ನಂತರ, ದೊಡ್ಡ ವಿಜ್ಞಾನಿಯಾದ ಎಡಿಸನ್‌ಗೆ ಹಳೇ ಪೆಟ್ಟಿಗೆಯಲ್ಲಿ ಅದೇ ಪತ್ರ ಸಿಗುತ್ತದೆ. ಅದರಲ್ಲಿದ್ದದ್ದು ಬೇರೆಯೇ: ನಿಮ್ಮ ಮಗ ದಡ್ಡ, ಇನ್ನು ಮುಂದೆ ಶಾಲೆಗೆ ಕಳಿಸಬೇಡಿ. ಕೊನೆಯಲ್ಲಿ ಅಳುವ ಎಮೋಜಿ, ಹತ್ತು ಜನರಿಗೆ ಕಳಿಸಿ ಎಂಬ ಮನವಿ.

ಇದರ ಜೊತೆ ಇನ್ನೂ ಕೆಲವು ಓಡಾಡುತ್ತಿರುತ್ತವೆ. ಎಡಿಸನ್ ಬಲ್ಬ್ ಮಾಡಲು ಹತ್ತು ಸಾವಿರ ಸಲ ಸೋತರು. ಎಡಿಸನ್ ಒಬ್ಬರೇ ಕೂತು ಬಲ್ಬ್ ಕಂಡುಹಿಡಿದರು. ಎಡಿಸನ್ ಆನೆಗೆ ಕರೆಂಟ್ ಕೊಟ್ಟು ಕೊಂದರು.

ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಅದಕ್ಕಿಂತ ಮುಖ್ಯವಾಗಿ, ಇದನ್ನು ತಿಳಿದು ನಮಗೇನು ಲಾಭ?

ಲಾಭ ಇದೆ. ಪ್ರತಿ ವರ್ಷ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಹತ್ತಿರ ಬಂದಾಗ ಕಾಲೇಜು ಗ್ರೂಪ್‌ಗಳಲ್ಲಿ ಇಂಥ ಮೆಸೇಜ್‌ಗಳು ಹರಿದಾಡುತ್ತವೆ. ಓದಿದ ಹುಡುಗ ಹುಡುಗಿಯರಿಗೆ ಏನನಿಸುತ್ತದೆ? ಹೊಸದನ್ನು ಮಾಡಲು ಹುಟ್ಟಾ ಪ್ರತಿಭೆ ಬೇಕು, ನಮ್ಮಂಥವರಿಗಲ್ಲ ಎಂದು. ಆಮೇಲೆ ರೆಡಿಮೇಡ್ ಪ್ರಾಜೆಕ್ಟ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ಎಡಿಸನ್ ನಿಜವಾಗಿ ಮಾಡಿದ್ದು ಪವಾಡವಲ್ಲ. ಅದೊಂದು ಕ್ರಮ. ನಾಲ್ಕು ಜನ ಸ್ನೇಹಿತರು ಸೇರಿದರೆ ಅವರೂ ಅನುಸರಿಸಬಹುದಾದ ಕ್ರಮ. ಬನ್ನಿ, ಅವರ ಬದುಕಿನ ಜೊತೆಗೇ ಅದನ್ನು ನೋಡೋಣ.

ಪತ್ರದ ಕಥೆ: ಸುಳ್ಳು, ಆದರೆ ತಾಯಿ ಮಾತ್ರ ನಿಜ

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಿಯೋ ರಾಜ್ಯದ ಮಿಲನ್ ಎಂಬ ಊರಿನಲ್ಲಿ. ಮುಂದೆ ಕುಟುಂಬ ಮಿಶಿಗನ್‌ನ ಪೋರ್ಟ್ ಹ್ಯೂರನ್‌ಗೆ ಹೋಯಿತು. ಅಲ್ಲಿ ಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ, ಮೇಷ್ಟ್ರು ತನ್ನನ್ನು ಬುದ್ಧಿ ಸರಿಯಿಲ್ಲದವನು ಎಂದದ್ದು ಹುಡುಗನ ಕಿವಿಗೇ ಬಿತ್ತು. ಅವನು ಮನೆಗೆ ಬಂದು ಅದನ್ನು ತಾಯಿಗೆ ಹೇಳಿದ. ತಾಯಿ ನ್ಯಾನ್ಸಿ ಸ್ವತಃ ಶಿಕ್ಷಕಿಯಾಗಿದ್ದವರು. ಅವರು ಶಾಲೆಗೆ ಹೋಗಿ ಜಗಳವಾಡಿ, ಮಗನನ್ನು ಬಿಡಿಸಿ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಇದನ್ನು ಎಡಿಸನ್ ದೊಡ್ಡವರಾದ ಮೇಲೆ ತಾವೇ ಹೇಳಿಕೊಂಡಿದ್ದಾರೆ.

ಅಂದರೆ ಮೇಷ್ಟ್ರ ಅಭಿಪ್ರಾಯ ಹುಡುಗನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಪತ್ರವೂ ಇಲ್ಲ, ತಾಯಿಯ ಸುಳ್ಳೂ ಇಲ್ಲ, ಪೆಟ್ಟಿಗೆಯೂ ಇಲ್ಲ. ತಾಯಿ ತೀರಿಕೊಂಡದ್ದು 1871ರಲ್ಲಿ. ಆಗ ಎಡಿಸನ್‌ಗೆ 24 ವರ್ಷ. ಬಲ್ಬೂ ಬಂದಿರಲಿಲ್ಲ, ಫೋನೋಗ್ರಾಫೂ ಬಂದಿರಲಿಲ್ಲ. ಮಗನಿಗೆ ಸುಳ್ಳು ಹೇಳಿ ಧೈರ್ಯ ತುಂಬಿದ ತಾಯಿಗಿಂತ, ನೇರವಾಗಿ ಶಾಲೆಗೆ ಹೋಗಿ ಮಗನ ಪರ ನಿಂತು, ದಿನವೂ ಕೂರಿಸಿಕೊಂಡು ಪಾಠ ಹೇಳಿದ ತಾಯಿ ದೊಡ್ಡವಳಲ್ಲವೇ?

ರೈಲಿನಲ್ಲಿ ಪೇಪರ್ ಮಾರಿದ ಹುಡುಗ

ಹನ್ನೆರಡನೇ ವಯಸ್ಸಿಗೆ ಹುಡುಗ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರಲು ಶುರುಮಾಡಿದ. ಸಾಮಾನಿನ ಬೋಗಿಯ ಮೂಲೆಯಲ್ಲಿ ರಾಸಾಯನಿಕ ಸೀಸೆಗಳನ್ನು ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದ. ಅಲ್ಲೇ ಒಂದು ಪುಟ್ಟ ಪತ್ರಿಕೆಯನ್ನೂ ಅಚ್ಚುಹಾಕಿದ. ಚಿಕ್ಕಂದಿನಿಂದಲೇ ಕಿವಿ ಮಂದವಾಗಿತ್ತು. ಒಂದು ದಿನ ಹಳಿಯ ಮೇಲಿದ್ದ ಸ್ಟೇಷನ್ ಮಾಸ್ಟರ್ ಮಗುವನ್ನು ಬೋಗಿಗೆ ಸಿಲುಕದಂತೆ ಎಳೆದು ಕಾಪಾಡಿದ. ಆ ಉಪಕಾರಕ್ಕೆ ಸ್ಟೇಷನ್ ಮಾಸ್ಟರ್ ಅವನಿಗೆ ಟೆಲಿಗ್ರಾಫ್ ಕೆಲಸ ಕಲಿಸಿದರು. ಎಡಿಸನ್‌ರ ಕಾಲೇಜು ಎಂದರೆ ಅದೇ.

ಮೊದಲ ಪೇಟೆಂಟ್, ಮೊದಲ ಪೆಟ್ಟು

1869ರಲ್ಲಿ, 22ರ ವಯಸ್ಸಿನಲ್ಲಿ, ಎಡಿಸನ್‌ಗೆ ಮೊದಲ ಪೇಟೆಂಟ್ ಸಿಕ್ಕಿತು. ಶಾಸನಸಭೆಯಲ್ಲಿ ಸದಸ್ಯರ ಮತಗಳನ್ನು ವಿದ್ಯುತ್ತಿನಿಂದ ಕ್ಷಣದಲ್ಲಿ ಎಣಿಸುವ ಯಂತ್ರ ಅದು. ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಯಾರೂ ಕೊಳ್ಳಲಿಲ್ಲ!

ಏಕೆ? ಸದಸ್ಯರಿಗೆ ಮತ ಎಣಿಕೆ ಬೇಗ ಮುಗಿಯುವುದೇ ಬೇಕಿರಲಿಲ್ಲ. ಹೆಸರು ಕೂಗಿ ನಿಧಾನವಾಗಿ ಎಣಿಸುವಾಗ ಸಿಗುವ ಸಮಯದಲ್ಲೇ ಅವರು ಒಬ್ಬರನ್ನೊಬ್ಬರು ಒಲಿಸಿಕೊಳ್ಳುತ್ತಿದ್ದರು. ಯಾರಿಗೂ ಇಲ್ಲದ ತೊಂದರೆಗೆ ಎಡಿಸನ್ ಪರಿಹಾರ ಮಾಡಿದ್ದರು. ಜನ ಕೊಳ್ಳದ ವಸ್ತುವನ್ನು ಇನ್ನು ಮುಂದೆ ಮಾಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದರು.

ಇಂಜಿನಿಯರಿಂಗ್ ಡಿಸೈನ್‌ನ ಮೊದಲ ಮೆಟ್ಟಿಲು ಇದೇ. ಸಮಸ್ಯೆ ಯಾರದು, ಅವರಿಗೆ ನಿಜವಾಗಿ ಏನು ಬೇಕು ಎಂದು ಹೋಗಿ ಕೇಳುವುದು. ಎಷ್ಟೋ ವಿದ್ಯಾರ್ಥಿ ಪ್ರಾಜೆಕ್ಟ್‌ಗಳು ಇಲ್ಲೇ ಎಡವುತ್ತವೆ. ರೈತರಿಗಾಗಿ ಯಂತ್ರ ಎಂದು ಬೋರ್ಡ್ ಇರುತ್ತದೆ. ತಂಡದಲ್ಲಿ ಒಬ್ಬರೂ ಹೊಲಕ್ಕೆ ಹೋಗಿ ರೈತರನ್ನು ಮಾತಾಡಿಸಿರುವುದಿಲ್ಲ.

ಒಬ್ಬರಲ್ಲ, ಒಂದು ತಂಡ

1876ರಲ್ಲಿ ಎಡಿಸನ್ ನ್ಯೂಯಾರ್ಕ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್ ಎಂಬ ಹಳ್ಳಿಯಲ್ಲಿ ಪ್ರಯೋಗಾಲಯ ಕಟ್ಟಿದರು. ಅವರ ಅತಿ ದೊಡ್ಡ ಆವಿಷ್ಕಾರ ಬಲ್ಬ್ ಅಲ್ಲ, ಈ ಪ್ರಯೋಗಾಲಯವೇ ಎನ್ನುವವರು ಬಹಳ ಜನ. ಹೊಸ ವಸ್ತುಗಳನ್ನು ಹುಡುಕುವುದನ್ನೇ ಕಸುಬಾಗಿ ಮಾಡಿಕೊಂಡ ತಂಡ ಅಲ್ಲಿತ್ತು.

ಯಾರ್ಯಾರಿದ್ದರು? ಚಾರ್ಲ್ಸ್ ಬ್ಯಾಚಲರ್ ಇಂಗ್ಲೆಂಡಿನಿಂದ ಬಂದವರು, ಸೂಕ್ಷ್ಮ ಕೈಕೆಲಸದಲ್ಲಿ ನಿಪುಣರು. ಜಾನ್ ಕ್ರೂಸಿ ಸ್ವಿಟ್ಜರ್ಲೆಂಡಿನ ಯಂತ್ರಶಿಲ್ಪಿ, ಎಡಿಸನ್ ಗೀಚಿಕೊಟ್ಟ ಚಿತ್ರವನ್ನು ನೋಡಿ ಯಂತ್ರ ಮಾಡಿಕೊಡುತ್ತಿದ್ದವರು. ಫ್ರಾನ್ಸಿಸ್ ಅಪ್ಟನ್ ಗಣಿತ ಮತ್ತು ಭೌತಶಾಸ್ತ್ರ ಓದಿದವರು. ಲುಡ್ವಿಗ್ ಬೋಹ್ಮ್ ಜರ್ಮನಿಯ ಗಾಜು ಊದುವ ಕುಶಲಕರ್ಮಿ.

ಎಡಿಸನ್‌ಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ, ಬರುವವರನ್ನು ಕರೆತಂದರು. 1877ರ ಕೊನೆಯಲ್ಲಿ ಧ್ವನಿ ಮುದ್ರಿಸುವ ಫೋನೋಗ್ರಾಫ್ ಬಂದದ್ದು ಹೀಗೆಯೇ: ಕಲ್ಪನೆ ಎಡಿಸನ್‌ರದು, ಯಂತ್ರ ಮಾಡಿದ ಕೈ ಕ್ರೂಸಿಯವರದು.

ನಿಮ್ಮ ತಂಡದಲ್ಲಿ ನಾಲ್ವರೂ ಕೋಡಿಂಗ್ ಬಲ್ಲವರೇ ಇದ್ದು, ಒಬ್ಬರಿಗೂ ಸೋಲ್ಡರಿಂಗ್ ಬರದಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಸ್ನೇಹ ನೋಡಿ ತಂಡ ಕಟ್ಟುವುದು ಸುಲಭ. ಕೆಲಸ ನೋಡಿ ಕಟ್ಟುವುದು ಜಾಣತನ.

ಬಲ್ಬ್ ಮೊದಲೇ ಇತ್ತು!

ಹೌದು, ಎಡಿಸನ್ ಹುಟ್ಟುವ ಮೊದಲೇ ವಿದ್ಯುತ್ತಿನಿಂದ ಬೆಳಕು ಬರಿಸಿದ್ದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಹಂಫ್ರಿ ಡೇವಿ ಅದನ್ನು ತೋರಿಸಿದ್ದರು. ಎಡಿಸನ್‌ರ ಕಾಲದಲ್ಲೇ ಇಂಗ್ಲೆಂಡಿನ ಜೋಸೆಫ್ ಸ್ವಾನ್ ಕೂಡ ಬಲ್ಬ್ ತಯಾರಿಸುತ್ತಿದ್ದರು. ಮುಂದೆ ಅಲ್ಲಿ ಇಬ್ಬರೂ ಸೇರಿ ಒಂದೇ ಕಂಪನಿ ನಡೆಸಿದರು. ಹಾಗಾಗಿ ಬಲ್ಬನ್ನು ಮೊದಲು ಕಂಡುಹಿಡಿದವರು ಎಡಿಸನ್ ಎಂಬುದು ಪೂರ್ತಿ ಸರಿಯಲ್ಲ.

ಹಾಗಾದರೆ ಎಡಿಸನ್ ತಂಡ ಮಾಡಿದ್ದೇನು? ಅವರು ಬಲ್ಬ್ ಒಂದನ್ನೇ ನೋಡಲಿಲ್ಲ. ಒಂದು ಬಡಾವಣೆಯ ಮನೆಮನೆಗೂ ಬೆಳಕು ಕೊಡಬೇಕು, ಗ್ಯಾಸ್ ದೀಪಕ್ಕಿಂತ ದುಬಾರಿಯಾಗಬಾರದು, ಒಂದು ದೀಪ ಆರಿಸಿದರೆ ಉಳಿದವು ಆರಬಾರದು ಎಂಬ ಷರತ್ತುಗಳನ್ನು ಮೊದಲು ಹಾಕಿಕೊಂಡರು. ನಂತರ ಲೆಕ್ಕ ಹಾಕಿದರು.

ಲೆಕ್ಕ ಹೀಗಿದೆ. ತಂತಿಯಲ್ಲಿ ಕರೆಂಟ್ ಹೆಚ್ಚು ಹರಿದರೆ ತಂತಿ ಬಿಸಿಯಾಗಿ ವಿದ್ಯುತ್ ಪೋಲಾಗುತ್ತದೆ. ಅದನ್ನು ತಡೆಯಲು ದಪ್ಪ ತಾಮ್ರದ ತಂತಿ ಬೇಕು. ಪಂಪ್‌ಸೆಟ್ಟಿಗೆ ದಪ್ಪ ಕೇಬಲ್, ಮೊಬೈಲ್ ಚಾರ್ಜರ್‌ಗೆ ತೆಳು ವೈರ್ ಇರುವುದು ಇದಕ್ಕೇ. ಆಗಿನ ಬಲ್ಬ್‌ಗಳ ಒಳಗೆ ದಪ್ಪ ಇಂಗಾಲದ ಕಡ್ಡಿ ಇರುತ್ತಿತ್ತು. ಅದರ ರೋಧ ಕಡಿಮೆ, ಹೀರುವ ಕರೆಂಟ್ ಹೆಚ್ಚು. ಅಂಥ ಬಲ್ಬ್‌ಗಳನ್ನು ಊರಿಗೆಲ್ಲ ಹಾಕಲು ಹೊರಟರೆ ತಾಮ್ರದ ಖರ್ಚೇ ಕಂಪನಿಯನ್ನು ಮುಳುಗಿಸುತ್ತಿತ್ತು. ಅಷ್ಟೇ ವಿದ್ಯುತ್ ಶಕ್ತಿಯನ್ನು ಅರ್ಧ ಕರೆಂಟಿನಲ್ಲಿ, ಎರಡರಷ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಅದೇ ತಂತಿಯಲ್ಲಿ ಪೋಲಾಗುವುದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬೇಕಾಗಿದ್ದದ್ದು ಕೂದಲಿನಷ್ಟು ತೆಳ್ಳನೆಯ, ಹೆಚ್ಚು ರೋಧವಿರುವ ಎಳೆ. ಏನನ್ನು ಹುಡುಕಬೇಕು ಎಂದು ಗೊತ್ತಾದ ಮೇಲೆ ಹುಡುಕಾಟ ಶುರುವಾಯಿತು. ಇದು ಕುರುಡು ಪ್ರಯತ್ನವಾಗಿರಲಿಲ್ಲ.

ಸಾವಿರ ಸೋಲಿನ ಲೆಕ್ಕ

1878ರ ಶರತ್ಕಾಲದಲ್ಲಿ ಎಡಿಸನ್ ಪತ್ರಿಕೆಯವರ ಮುಂದೆ, ವಿದ್ಯುತ್ ದೀಪದ ಸಮಸ್ಯೆ ಹೆಚ್ಚುಕಡಿಮೆ ಬಗೆಹರಿಯಿತು ಎಂದುಬಿಟ್ಟರು. ಗ್ಯಾಸ್ ಕಂಪನಿಗಳ ಷೇರು ಬಿದ್ದವು. ಆದರೆ ಬಗೆಹರಿದಿರಲಿಲ್ಲ. ಇನ್ನೂ ಒಂದು ವರ್ಷ ಹಿಡಿಯಿತು. ಮುಗಿಯದ ಕೆಲಸವನ್ನು ಮುಗಿಯಿತು ಎನ್ನುವ ಚಾಳಿ ಅವರಿಗೂ ಇತ್ತು!

ಮೊದಲು ಪ್ಲಾಟಿನಂ ಎಳೆ ಪ್ರಯತ್ನಿಸಿದರು. ಬೆಲೆ ವಿಪರೀತ, ಜೊತೆಗೆ ಬಿಸಿಗೆ ಹಾಳಾಗುತ್ತಿತ್ತು. ಏಕೆ ಹಾಳಾಗುತ್ತದೆ ಎಂದು ಹುಡುಕುವಾಗ, ಲೋಹದೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ ಎಂದು ತಿಳಿಯಿತು. ಅದನ್ನು ತೆಗೆಯಲು ಒಳ್ಳೆಯ ನಿರ್ವಾತ ಪಂಪ್ ಮಾಡಿಕೊಂಡರು. ಪ್ಲಾಟಿನಂ ಕೈಬಿಟ್ಟರೂ ಪಂಪ್ ಕೈಯಲ್ಲಿ ಉಳಿಯಿತು. ಗಾಳಿ ಇಲ್ಲದಿದ್ದರೆ ಇಂಗಾಲ ಉರಿದುಹೋಗುವುದಿಲ್ಲ ಅಲ್ಲವೇ? ಹಾಗಾಗಿ ಮತ್ತೆ ಇಂಗಾಲದ ಕಡೆ ತಿರುಗಿದರು. 1879ರ ಅಕ್ಟೋಬರ್ 22ರಂದು ಹತ್ತಿಯ ದಾರವನ್ನು ಇಂಗಾಲವಾಗಿಸಿ ಮಾಡಿದ ಎಳೆ ಗಂಟೆಗಟ್ಟಲೆ ಉರಿಯಿತು. ಎಷ್ಟೋ ಕಡೆ 40 ಗಂಟೆ ಎಂದು ಬರೆಯುತ್ತಾರೆ. ಪ್ರಯೋಗಾಲಯದ ನೋಟ್‌ಬುಕ್ ಪ್ರಕಾರ ಅದು ಸುಮಾರು ಹದಿನಾಲ್ಕು ಗಂಟೆ.

ಅಲ್ಲಿಗೂ ನಿಲ್ಲಲಿಲ್ಲ. ರಟ್ಟಿನ ಎಳೆ ಬಂತು. ಆ ವರ್ಷದ ಕೊನೆಯ ರಾತ್ರಿ ಮೆನ್ಲೋ ಪಾರ್ಕ್‌ನಲ್ಲಿ ದೀಪಗಳನ್ನು ನೋಡಲು ಜನ ನೆರೆದರು. 1880ರಲ್ಲಿ ಬಿದಿರಿನ ಎಳೆ ಬಂದಾಗ ಬಲ್ಬ್ 1200 ಗಂಟೆಗಿಂತ ಹೆಚ್ಚು ಉರಿಯಿತು. ಬಿದಿರಿಗಾಗಿ ಜಪಾನ್‌ವರೆಗೂ ಜನರನ್ನು ಕಳಿಸಿದ್ದರು.

ಹಾಗಾದರೆ ಹತ್ತು ಸಾವಿರ ಸೋಲು? ಆ ಕಥೆಯ ಬೇರು ಬಲ್ಬ್‌ನಲ್ಲಿಲ್ಲ, ಬ್ಯಾಟರಿಯಲ್ಲಿದೆ. ಸುಮಾರು 1900ರ ನಂತರ ಎಡಿಸನ್ ನಿಕ್ಕಲ್-ಕಬ್ಬಿಣದ ಬ್ಯಾಟರಿಗಾಗಿ ದುಡಿಯುತ್ತಿದ್ದರು. ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಮಾಡಿಯೂ ಫಲ ಸಿಗಲಿಲ್ಲವಲ್ಲ ಎಂದು ಜೊತೆಗಾರ ವಾಲ್ಟರ್ ಮ್ಯಾಲರಿ ಮರುಗಿದಾಗ, ಯಾವ್ಯಾವುದು ಆಗುವುದಿಲ್ಲ ಎಂಬ ತಿಳುವಳಿಕೆಯೇ ಫಲ ಎಂಬರ್ಥದ ಉತ್ತರ ಕೊಟ್ಟರಂತೆ. ಮ್ಯಾಲರಿ ಹೇಳಿದ ಈ ಪ್ರಸಂಗ 1910ರ ಜೀವನಚರಿತ್ರೆಯಲ್ಲಿದೆ. ಮುಂದೆ ಬಾಯಿಂದ ಬಾಯಿಗೆ ಹೋಗಿ ಅದು ಬಲ್ಬ್‌ಗೆ ಅಂಟಿಕೊಂಡಿತು.

ಫಾರ್ವರ್ಡ್ ಬಿಟ್ಟುಬಿಡುವ ಮುಖ್ಯ ವಿಷಯ ಒಂದಿದೆ. ಪ್ರತಿ ಪ್ರಯೋಗವನ್ನೂ ದಿನಾಂಕದ ಸಮೇತ ಬರೆದಿಡುತ್ತಿದ್ದರು. ಅವರ ಪ್ರಯೋಗಾಲಯಗಳ ಮೂರು ಸಾವಿರಕ್ಕೂ ಹೆಚ್ಚು ನೋಟ್‌ಬುಕ್‌ಗಳು ಇಂದಿಗೂ ಉಳಿದಿವೆ. ಬರೆದಿಡದ ಸೋಲು ಬರೀ ಸೋಲು. ಬರೆದಿಟ್ಟ ಸೋಲು ಮುಂದಿನ ಪ್ರಯೋಗಕ್ಕೆ ದಾರಿ.

ಬಲ್ಬ್‌ನಿಂದ ಬೀದಿಗೆ

ಬಲ್ಬ್ ಉರಿದ ಮಾತ್ರಕ್ಕೆ ಊರಿಗೆ ಬೆಳಕು ಬರಲಿಲ್ಲ. ಡೈನಮೋ, ಸ್ವಿಚ್, ಫ್ಯೂಸ್, ಹೋಲ್ಡರ್, ನೆಲದಡಿಯ ತಂತಿ, ಮೀಟರ್ ಎಲ್ಲವನ್ನೂ ಮಾಡಬೇಕಿತ್ತು. ತಿರುಗಿಸಿ ಕೂರಿಸುವ ಬಲ್ಬ್ ಇಂದಿಗೂ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ, ಆ ತಿರುಪಿನ ಬುಡ ಎಡಿಸನ್ ತಂಡದ್ದೇ. ಅವರ ಮೊದಲ ಮೀಟರ್ ವಿಚಿತ್ರವಾಗಿತ್ತು: ದ್ರಾವಣದಲ್ಲಿ ಸತುವಿನ ತಗಡು ಇಟ್ಟು, ತಿಂಗಳಿಗೊಮ್ಮೆ ತೂಗಿ ಬಿಲ್ ಹಾಕುತ್ತಿದ್ದರು.

ನೇರವಾಗಿ ನ್ಯೂಯಾರ್ಕ್‌ನ ರಸ್ತೆ ಅಗೆಯಲಿಲ್ಲ. ಮೊದಲು ಮೆನ್ಲೋ ಪಾರ್ಕ್‌ನ ಬಯಲಲ್ಲಿ ತಂತಿ ಹೂತು ನೋಡಿದರು. ಕರೆಂಟ್ ನೆಲಕ್ಕೆ ಸೋರಿತು. ಅಗೆದು ತೆಗೆದು, ಬೇರೆ ಬೇರೆ ಹೊದಿಕೆಗಳನ್ನು ಪರೀಕ್ಷಿಸಿ, ಮತ್ತೆ ಹೂತರು. ಹಳ್ಳಿಯಲ್ಲಿ ಆದ ತಪ್ಪು ಅಗ್ಗ, ನಗರದಲ್ಲಿ ಆಗುವ ತಪ್ಪು ದುಬಾರಿ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾಯಿತು. ಮೊದಲಿಗೆ ಸುಮಾರು 85 ಗ್ರಾಹಕರು, 400 ದೀಪಗಳು.

ಆನೆಯ ಕಥೆ ಮತ್ತು ಎಡಿಸನ್‌ರ ದೊಡ್ಡ ತಪ್ಪು

ಎಡಿಸನ್‌ರದು ಡಿಸಿ ಕರೆಂಟ್. ಅದು ಕೇಂದ್ರದಿಂದ ಒಂದೆರಡು ಕಿಲೋಮೀಟರ್ ದಾಟಿದರೆ ಲಾಭವಿಲ್ಲ. ಟ್ರಾನ್ಸ್‌ಫಾರ್ಮರ್ ಬಳಸುವ ಎಸಿ ಬಹುದೂರ ಹೋಗಬಲ್ಲದು. ಜಾರ್ಜ್ ವೆಸ್ಟಿಂಗ್‌ಹೌಸ್ ಅದನ್ನು ಬೆಳೆಸಿದರು, ನಿಕೋಲಾ ಟೆಸ್ಲಾ ಅದಕ್ಕೆ ಮೋಟಾರ್ ಕೊಟ್ಟರು. ಎಡಿಸನ್ ಒಪ್ಪಲಿಲ್ಲ. ಎಸಿ ಅಪಾಯಕಾರಿ ಎಂದು ಪ್ರಚಾರ ಮಾಡಿದರು. 1888ರಲ್ಲಿ ಪ್ರಾಣಿಗಳಿಗೆ ಕರೆಂಟ್ ಹರಿಸಿದ ಪ್ರಯೋಗಗಳಿಗೆ ಅವರ ಪ್ರಯೋಗಾಲಯ ನೆರವಾದದ್ದು ನಿಜ.

ಆದರೆ ಟಾಪ್ಸಿ ಎಂಬ ಆನೆ ಸತ್ತದ್ದು 1903ರಲ್ಲಿ. ಆ ಹೊತ್ತಿಗೆ ಎಸಿ-ಡಿಸಿ ಜಗಳ ಮುಗಿದು ಹತ್ತು ವರ್ಷವಾಗಿತ್ತು. ಕೊಲ್ಲಲು ತೀರ್ಮಾನಿಸಿದ್ದು ಆನೆಯ ಮಾಲೀಕರು. ಎಡಿಸನ್ ಅಲ್ಲಿರಲಿಲ್ಲ. ಅವರ ಹೆಸರಿನ ಸಿನಿಮಾ ಕಂಪನಿ ಅದನ್ನು ಚಿತ್ರೀಕರಿಸಿದ್ದರಿಂದ ಹೆಸರು ಅಂಟಿಕೊಂಡಿತು.

1892ರಲ್ಲಿ ಎಡಿಸನ್‌ರ ಕಂಪನಿ ಇನ್ನೊಂದರ ಜೊತೆ ವಿಲೀನವಾಗಿ ಜನರಲ್ ಎಲೆಕ್ಟ್ರಿಕ್ ಆಯಿತು. ಅವರ ಹಿಡಿತ ತಪ್ಪಿತು. ಇಲ್ಲಿ ನಮ್ಮ ನಾಡಿಗೂ ಒಂದು ಕೊಂಡಿ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತಲ್ಲ, ಅದಕ್ಕೆ ಯಂತ್ರಗಳನ್ನು ಕೊಟ್ಟಿದ್ದು ಇದೇ ಜನರಲ್ ಎಲೆಕ್ಟ್ರಿಕ್. ಹರಿದದ್ದು ಎಡಿಸನ್ ವಿರೋಧಿಸಿದ್ದ ಎಸಿ ಕರೆಂಟ್!

ತಾನು ಮಾಡಿದ್ದೇ ಸರಿ ಎಂಬ ಮೋಹ ಎಂಥ ಬುದ್ಧಿವಂತರನ್ನೂ ಕುರುಡಾಗಿಸುತ್ತದೆ. ಡಿಸೈನ್ ಕೆಲಸದಲ್ಲಿ ಹಳೆಯ ಪರಿಹಾರವನ್ನು ಬಿಟ್ಟುಕೊಡುವುದೂ ಒಂದು ಕೌಶಲ.

ಒಂದು ಜೀವ ಹೋಯಿತು

ಇದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. 1896ರಲ್ಲಿ ಎಡಿಸನ್ ತಂಡ ಎಕ್ಸ್‌-ರೇ ನೋಡುವ ಉಪಕರಣದ ಮೇಲೆ ಕೆಲಸ ಮಾಡಿತು. ಸಹಾಯಕ ಕ್ಲಾರೆನ್ಸ್ ಡಾಲಿ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿ ಪರೀಕ್ಷಿಸುತ್ತಿದ್ದರು. ಕಿರಣದಿಂದ ಅಪಾಯ ಎಷ್ಟೆಂದು ಆಗ ತಿಳಿದಿರಲಿಲ್ಲ. ಕೈಯಲ್ಲಿ ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಎರಡೂ ತೋಳುಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ಡಾಲಿ ತೀರಿಕೊಂಡರು. ಎಡಿಸನ್ ಎಕ್ಸ್‌-ರೇ ಕೆಲಸವನ್ನೇ ಬಿಟ್ಟರು.

ಲಿಥಿಯಂ ಬ್ಯಾಟರಿ, ಹೈ ವೋಲ್ಟೇಜ್, ತಿರುಗುವ ಬ್ಲೇಡ್ ಇಟ್ಟುಕೊಂಡು ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ಪ್ರಾಜೆಕ್ಟ್ ಮಾಡುವವರು ಈ ಹೆಸರನ್ನು ನೆನಪಿಡಿ. ಸುರಕ್ಷತೆ ಕೊನೆಗೆ ರಿಪೋರ್ಟ್‌ನಲ್ಲಿ ಸೇರಿಸುವ ಪುಟವಲ್ಲ. ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕೊನೆಯ ವರ್ಷಗಳು

1890ರ ದಶಕದಲ್ಲಿ ಎಡಿಸನ್ ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ದೊಡ್ಡ ಕಾರ್ಖಾನೆ ಕಟ್ಟಿದರು. ಅಷ್ಟರಲ್ಲಿ ಬೇರೆಡೆ ಅಗ್ಗದ ಅದಿರು ಸಿಕ್ಕಿ, ಹಾಕಿದ ಹಣವೆಲ್ಲ ಮುಳುಗಿತು. ಆದರೆ ಬಂಡೆ ಪುಡಿ ಮಾಡಲು ಕಲಿತದ್ದನ್ನು ಸಿಮೆಂಟ್ ತಯಾರಿಕೆಗೆ ಬಳಸಿಕೊಂಡರು. ಬ್ಯಾಟರಿಯ ಮೊದಲ ಮಾದರಿ ಸೋರತೊಡಗಿದಾಗ ಮಾರಾಟ ನಿಲ್ಲಿಸಿ, ವರ್ಷಗಟ್ಟಲೆ ಸುಧಾರಿಸಿ, ಮತ್ತೆ ತಂದರು. 1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಹೆಸರಲ್ಲಿ 1093 ಅಮೆರಿಕನ್ ಪೇಟೆಂಟ್‌ಗಳಿದ್ದವು. ಅವುಗಳ ಹಿಂದೆ ಹೆಸರು ಬರದ ನೂರಾರು ಕೈಗಳಿದ್ದವು.

ನಿಮ್ಮ ಪ್ರಾಜೆಕ್ಟ್‌ಗೆ ಏನು ತೆಗೆದುಕೊಳ್ಳಬಹುದು?

1. ಸಮಸ್ಯೆ ಇರುವವರನ್ನು ಮೊದಲು ಭೇಟಿಯಾಗಿ. ಮತ ಎಣಿಸುವ ಯಂತ್ರ ನೆನಪಿರಲಿ.
2. ಖರ್ಚು, ತೂಕ, ಸಮಯ ಹೀಗೆ ಷರತ್ತುಗಳನ್ನು ಅಂಕಿಯಲ್ಲಿ ಬರೆದುಕೊಳ್ಳಿ.
3. ಈಗಾಗಲೇ ಇರುವ ಪರಿಹಾರಗಳನ್ನು ನೋಡಿ. ಬಲ್ಬ್ ಕೂಡ ಮೊದಲೇ ಇತ್ತು.
4. ಬೇರೆ ಬೇರೆ ಕೆಲಸ ಬಲ್ಲವರ ತಂಡ ಕಟ್ಟಿ. ಯಾರು ಏನು ಮಾಡಿದರು ಎಂದು ರಿಪೋರ್ಟ್‌ನಲ್ಲಿ ಪ್ರಾಮಾಣಿಕವಾಗಿ ಬರೆಯಿರಿ.
5. ಸಣ್ಣದಾಗಿ, ಅಗ್ಗವಾಗಿ ಮಾಡಿ ನೋಡಿ. ಕೆಟ್ಟರೆ ಏಕೆ ಕೆಟ್ಟಿತು ಎಂದು ದಿನಾಂಕ ಹಾಕಿ ಬರೆದಿಡಿ.
6. ಅಪಾಯ ಎಲ್ಲಿದೆ ಎಂದು ಮೊದಲೇ ಯೋಚಿಸಿ.
7. ಉತ್ತಮ ದಾರಿ ಕಂಡರೆ ಹಳೆಯದನ್ನು ಬಿಡಲು ಹಿಂಜರಿಯಬೇಡಿ.

ಇಷ್ಟು ಮಾಡಿಯೂ ನಿಮ್ಮ ಮಾದರಿ ಡೆಮೊ ದಿನ ಕೈಕೊಡಬಹುದು. ಆದರೂ ಅದು ಏಕೆ ಕೈಕೊಟ್ಟಿತು ಎಂದು ವಿವರಿಸಲು ನಿಮ್ಮಿಂದಾಗುತ್ತದೆ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ಓಡಿದರೂ ಏಕೆ ಓಡಿತು ಎಂದು ತಂದವರಿಗೆ ಗೊತ್ತಿರುವುದಿಲ್ಲ.

ಒಟ್ಟಿನಲ್ಲಿ: ತಾಯಿಗೆ ಬಂದ ಪತ್ರದ ಕಥೆ ಸುಳ್ಳು. ಒಬ್ಬರೇ ಬಲ್ಬ್ ಕಂಡುಹಿಡಿದರು ಎಂಬುದು ತಪ್ಪು. ಹತ್ತು ಸಾವಿರ ಸೋಲಿನ ಕಥೆ ಬ್ಯಾಟರಿಯದ್ದು, ಬಲ್ಬ್‌ನದ್ದಲ್ಲ. ಆನೆಯನ್ನು ಎಡಿಸನ್ ಕೊಂದರು ಎಂಬುದೂ ಸುಳ್ಳು. ಮುಂದಿನ ಸಲ ಗ್ರೂಪ್‌ನಲ್ಲಿ ಆ ಅಳುವ ಎಮೋಜಿ ಬಂದಾಗ, ಅದರ ಕೆಳಗೆ ಈ ಕಥೆಯನ್ನೂ ಹಾಕಿ. ಗ್ರೂಪ್‌ನಲ್ಲಿರುವ ಯಾವುದೋ ಎಂಟನೇ ಸೆಮಿಸ್ಟರ್ ಹುಡುಗಿಗೆ ಇವತ್ತೇ ಇದು ಬೇಕಾಗಿರಬಹುದು.